ಓಗರ್ ಒಂದು, ಗಾಬ್ಲಿನ್ ಎಂಟು: ಕಾಳಗದ ಹದ ನಾನು ನೋಡುವ ಬಗೆ

ಒಂದು ಕಡೆ 59 ಹಿಟ್ ಪಾಯಿಂಟ್‌ಗಳ (ಬೀಳುವ ಮೊದಲು ತಾಳಬಲ್ಲ ಹಾನಿಯ ಅಂಕ) ಓಗರ್ ಎಂಬ ಒಂದು ದೈತ್ಯ. ಇನ್ನೊಂದು ಕಡೆ ತಲಾ 7 ಹಿಟ್ ಪಾಯಿಂಟ್‌ಗಳ ಗಾಬ್ಲಿನ್ ಎಂಬ ಎಂಟು ಕುಳ್ಳ ಜೀವಿಗಳು, ಒಟ್ಟು 56. ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ 2014ರ ಪುಸ್ತಕದಲ್ಲಿ ಓಗರ್‌ಗೆ 450 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ), ಎಂಟು ಗಾಬ್ಲಿನ್‌ಗಳಿಗೆ ಸೇರಿ 400. ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ಕಾಳಗ ಸಿದ್ಧಪಡಿಸುವಾಗ ನಾನು ಈ ಜೋಡಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಕಾಗದದ ಮೇಲೆ ಹೆಚ್ಚುಕಡಿಮೆ ಸಮನಾಗಿ ಕಾಣುವ ಈ ಎರಡು ಕಾಳಗಗಳು ಮೇಜಿನ ಮೇಲೆ ಅಜಗಜಾಂತರ.

ಮೂರನೆಯ ಲೆವೆಲ್ಲಿನ ನಾಲ್ಕು ಪಾತ್ರಗಳ ತಂಡವೊಂದನ್ನು ತೆಗೆದುಕೊಳ್ಳೋಣ. ದಾಳಿಗೆ +5 (ಇಪ್ಪತ್ತುಮುಖದ ದಾಳದ ಅಂಕೆಗೆ ಕೂಡಿಸುವುದು), ತಗುಲಿದರೆ ಸರಾಸರಿ 8 ಹಾನಿ ಎಂದಿಟ್ಟುಕೊಳ್ಳಿ. ಓಗರ್‌ನ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಆ ಮೊತ್ತ ಮುಟ್ಟಬೇಕಾದ ಅಂಕ, ಬರೀ 11, ನಾಲ್ಕರಲ್ಲಿ ಮೂರು ಏಟು ತಗಲುತ್ತವೆ. ಎಲ್ಲರೂ ಒಂದೊಂದು ಸರದಿ ಆಡುವ ಒಂದು ಸುತ್ತಿಗೆ 24ರಂತೆ ಹಾನಿಯಾಗಿ ಮೂರನೆಯ ಸುತ್ತಿಗೆ ಅದು ನೆಲಕ್ಕೆ ಬೀಳುತ್ತದೆ. ಅದರ ಗದೆಗೆ +6, ಸರಾಸರಿ 13 ಹಾನಿ. ಆರ್ಮರ್ ಕ್ಲಾಸ್ 15 ಇರುವ ಪಾತ್ರಕ್ಕೆ ನೂರರಲ್ಲಿ ಅರವತ್ತು ಸಲ ತಗಲುತ್ತದೆ. ಅಂದರೆ ಸುತ್ತಿಗೆ ಸುಮಾರು 8. ಇನ್ನು ಗಾಬ್ಲಿನ್‌ಗಳ ಆರ್ಮರ್ ಕ್ಲಾಸ್ 15, ಅವುಗಳಿಗೆ ಏಟು ತಗಲುವುದು ನೂರಕ್ಕೆ ಐವತ್ತೈದು ಸಲ ಮಾತ್ರ. ಅವು ಪ್ರತಿಯೊಂದೂ ಹೊಡೆಯುವುದು ಐದೋ ಆರೋ ಹಾನಿ, ತಗಲುವುದು ಎರಡಕ್ಕೆ ಒಂದು. ಆದರೆ ಎಂಟೂ ಒಂದೊಂದು ಸಲ ಹೊಡೆದರೆ 20ರಿಂದ 22. ಓಗರ್ ತಾನು ಸಾಯುವವರೆಗೆ ಮಾಡುವಷ್ಟು ಹಾನಿಯನ್ನು ಗಾಬ್ಲಿನ್‌ಗಳು ಮೊದಲ ಸುತ್ತಿನಲ್ಲೇ ಮಾಡಿಬಿಡುತ್ತವೆ!

ಆದ್ದರಿಂದ ನಾನು ಮೊದಲು ಎಣಿಸುವುದು ಸರದಿಗಳನ್ನು. ಒಂದು ಸುತ್ತಿನಲ್ಲಿ ಆಟಗಾರರ ಕಡೆಗೆ ಎಷ್ಟು ದಾಳಿ, ಎದುರಾಳಿಗಳ ಕಡೆಗೆ ಎಷ್ಟು? ಎದುರಾಳಿಗಳ ಲೆಕ್ಕ ತಂಡದ ಮೂರರಲ್ಲಿ ಎರಡು ಪಾಲಿನಿಂದ ಸಮಸಮದವರೆಗೆ ಇದ್ದರೆ ಕಾಳಗ ಬಿಸಿಯಾಗಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಸಪ್ಪೆ, ಇಮ್ಮಡಿಯಾದರೆ ಸಾಮೂಹಿಕ ಶವಸಂಸ್ಕಾರಕ್ಕೆ ತಯಾರಿ. ಡಂಜನ್ ಮಾಸ್ಟರ್‌ಗಳಿಗಾಗಿ ಬಂದ 2014ರ ಮಾರ್ಗದರ್ಶಿಯೂ ಇದನ್ನು ಬಲ್ಲದು: ಏಳರಿಂದ ಹತ್ತು ಎದುರಾಳಿಗಳಿದ್ದರೆ ಎಕ್ಸ್‌ಪಿಯನ್ನು ಎರಡೂವರೆಯಿಂದ ಗುಣಿಸಿ ಕಷ್ಟವನ್ನು ಅಳೆಯಿರಿ ಎನ್ನುತ್ತದೆ. ಹಾಗೆ 400 ಎಂಬುದು 1000 ಆಗಿ, ಈ ತಂಡಕ್ಕೆ ‘ಹಾರ್ಡ್’ ಮಟ್ಟದ 900ನ್ನು ದಾಟುತ್ತದೆ. ಓಗರ್ ‘ಮೀಡಿಯಂ’ನ 600ನ್ನೂ ಮುಟ್ಟುವುದಿಲ್ಲ. 2024ರ ಪುಸ್ತಕದಲ್ಲಿ ಈ ಗುಣಕವನ್ನು ಕೈಬಿಟ್ಟಿದ್ದಾರೆ. ಲೆಕ್ಕ ಸಲೀಸಾಯಿತು, ನಿಜ. ಆದರೂ ಸಣ್ಣಪುಟ್ಟ ಎದುರಾಳಿಗಳ ಹಿಂಡು ತರುವಾಗ ನಾನು ಹಳೆಯ ಕೋಷ್ಟಕವನ್ನೇ ತೆರೆಯುತ್ತೇನೆ.

ಇದೇ ಓಗರ್ ಮೊದಲ ಲೆವೆಲ್ಲಿನಲ್ಲಿ ಬೇರೆಯೇ ಪ್ರಾಣಿ. ನಾಲ್ವರ ತಂಡಕ್ಕೆ ಅಲ್ಲಿ ‘ಡೆಡ್ಲಿ’ ಆರಂಭವಾಗುವುದೇ 400ಕ್ಕೆ. ಎಂಟು ಹಿಟ್ ಪಾಯಿಂಟ್‌ಗಳ ಮಾಂತ್ರಿಕನಿಗೆ ಒಂದೇ ಏಟಿಗೆ 16 ಹಾನಿಯಾದರೆ, ಉಳಿದ ಹಾನಿ ಅವನ ಪೂರ್ತಿ ಹಿಟ್ ಪಾಯಿಂಟ್‌ಗಳಷ್ಟಾಗುವುದರಿಂದ, ಡೆತ್ ಸೇವ್‌ಗೂ (ಬಿದ್ದವರು ಬದುಕುಳಿಯಲು ಉರುಳಿಸುವ ದಾಳಕ್ಕೂ) ಅವಕಾಶವಿಲ್ಲದೆ ಸಾವು. ಎರಡು ಎಂಟುಮುಖದ ದಾಳಗಳಿಗೆ ನಾಲ್ಕು ಕೂಡಿಸುವ ಆ ಗದೆ, ತಗುಲಿದ ನಾಲ್ಕು ಏಟುಗಳಲ್ಲಿ ಹೆಚ್ಚುಕಡಿಮೆ ಒಂದರಲ್ಲಿ 16 ಮುಟ್ಟುತ್ತದೆ ಇಲ್ಲವೇ ದಾಟುತ್ತದೆ. ಹಾನಿಯ ದಾಳಗಳು ಇಮ್ಮಡಿಯಾಗುವ ‘ಕ್ರಿಟಿಕಲ್’ ಏಟಿನ ಮಾತು ಬೇರೆ. ಹಾಗಾಗಿ ಕೆಳಗಿನ ಲೆವೆಲ್ಲುಗಳಲ್ಲಿ ಎಕ್ಸ್‌ಪಿಗಿಂತ ಮೊದಲು ನಾನು ನೋಡುವುದು ಒಂದು ಏಟಿನ ಗರಿಷ್ಠ ಹಾನಿಯನ್ನು. ತಂಡದ ಅತಿ ದುರ್ಬಲ ಪಾತ್ರದ ಹಿಟ್ ಪಾಯಿಂಟ್‌ಗಳ ಇಮ್ಮಡಿಯನ್ನು ಅದು ಮುಟ್ಟುವಂತಿದ್ದರೆ ಆ ಪ್ರಾಣಿಗೆ ಎರಡನೆಯ ಲೆವೆಲ್ಲಿನವರೆಗೆ ರಜೆ.

ಒಬ್ಬನೇ ಮಹಾಖಳನನ್ನು ನಾಲ್ವರ ಎದುರು ನಿಲ್ಲಿಸುವ ಆಸೆ ಎಲ್ಲ ಡಂಜನ್ ಮಾಸ್ಟರ್‌ಗಳಿಗೂ ಇರುತ್ತದೆ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೆಯ ಆವೃತ್ತಿಯಲ್ಲಿ ಇದು ನಡೆಯುತ್ತದೆ: ಅಲ್ಲಿ ಲೆವೆಲ್ ದಾಳಿಗೂ ರಕ್ಷಣೆಗೂ ಕೂಡಿಕೊಳ್ಳುತ್ತದೆ, ಗುರಿಯನ್ನು ಹತ್ತರಿಂದ ಮೀರಿದರೆ ಕ್ರಿಟಿಕಲ್. ತಂಡಕ್ಕಿಂತ ಎರಡು ಲೆವೆಲ್ ಮೇಲಿನ ಒಂದೇ ಪ್ರಾಣಿಗೆ 80 ಎಕ್ಸ್‌ಪಿ, ಅಂದರೆ ‘ಮಾಡರೇಟ್’. ನಾಲ್ಕು ಲೆವೆಲ್ ಮೇಲಿನದಕ್ಕೆ 160, ‘ಎಕ್ಸ್‌ಟ್ರೀಮ್’. ಆ ಕೋಷ್ಟಕವನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯಲ್ಲಿ ಲೆಜೆಂಡರಿ ಆಕ್ಷನ್ (ಬೇರೆಯವರ ಸರದಿಯ ಕೊನೆಗೆ ಮಾಡಬಹುದಾದ ಹೆಚ್ಚುವರಿ ಕ್ರಿಯೆ) ಇಲ್ಲದ ಒಂಟಿ ಖಳನ ಆಯುಷ್ಯ ಅವನ ಭಾಷಣಕ್ಕಿಂತ ಚಿಕ್ಕದು. ಅವನ ಹಿಟ್ ಪಾಯಿಂಟ್‌ಗಳನ್ನು ಇಮ್ಮಡಿ ಮಾಡಿದರೆ ಕಾಳಗ ಉದ್ದವಾಗುತ್ತದೆಯೇ ಹೊರತು ಕಷ್ಟವಾಗುವುದಿಲ್ಲ. ಅದರ ಬದಲು ಎತ್ತರದ ಜಾಗದಲ್ಲಿ ಇಬ್ಬರು ಬಿಲ್ಲುಗಾರರನ್ನು ನಿಲ್ಲಿಸುತ್ತೇನೆ. ಸರದಿಗಳು ಒಂದರಿಂದ ಮೂರಾಗುತ್ತವೆ. ತಂಡದಲ್ಲಿ ಒಬ್ಬರಾದರೂ ಖಳನನ್ನು ಬಿಟ್ಟು ಮೇಲೆ ಹತ್ತಬೇಕಾಗುತ್ತದೆ.

ಲೆಕ್ಕ ಎಷ್ಟೇ ಸರಿಯಿದ್ದರೂ ದಾಳ ತನ್ನ ಪಾಡಿಗೆ ಉರುಳುತ್ತದೆ. ಪರದೆಯ ಹಿಂದೆ ದಾಳದ ಅಂಕೆಯನ್ನು ತಿದ್ದುವ ಡಂಜನ್ ಮಾಸ್ಟರ್‌ಗಳಿದ್ದಾರೆ. ನಾನು ತಿದ್ದುವುದಿಲ್ಲ, ಎಲ್ಲರ ಕಣ್ಣೆದುರೇ ಉರುಳಿಸುತ್ತೇನೆ. ಕಷ್ಟವನ್ನು ಏರಿಸಲು, ಇಳಿಸಲು ನನಗೆ ಬೇಕಾದ ಹಿಡಿಗಳನ್ನು ಮೊದಲೇ ಕಾಳಗದೊಳಗೆ ಇಟ್ಟಿರುತ್ತೇನೆ. ಎಂಟು ಗಾಬ್ಲಿನ್‌ಗಳಲ್ಲಿ ಐದು ಮಾತ್ರ ಮೊದಲಿಗೆ ಬರುತ್ತವೆ; ಉಳಿದ ಮೂರು ಮುಂದಿನ ಕೋಣೆಯಲ್ಲಿ ಜೂಜಾಡುತ್ತಿರುತ್ತವೆ. ಅವುಗಳ ಗಲಾಟೆ ಬಾಗಿಲಾಚೆ ಕೇಳಿಸುತ್ತದೆ ಎಂದು ಆಟಗಾರರಿಗೆ ಹೇಳಿಯೇ ಇರುತ್ತೇನೆ. ಯಾರಾದರೂ ಕಹಳೆ ಊದಿದರೆ ಎರಡನೆಯ ಸುತ್ತಿನ ಕೊನೆಗೆ ಅವು ಬರುತ್ತವೆ, ಊದುವವನನ್ನು ತಡೆದರೆ ಇಲ್ಲ. ಇನ್ನೊಂದು ಹಿಡಿಯನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ನಿಯಮಗಳಿಂದ ಎರವಲು ಪಡೆದಿದ್ದೇನೆ: ಎದುರಾಳಿಗಳಲ್ಲಿ ಮೊದಲ ಸಾವಾದಾಗ ಒಮ್ಮೆ, ಅರ್ಧದಷ್ಟು ಬಿದ್ದಾಗ ಇನ್ನೊಮ್ಮೆ ಎರಡು ಆರುಮುಖದ ದಾಳ ಉರುಳಿಸಿ ಅವುಗಳ ಧೈರ್ಯ ಪರೀಕ್ಷಿಸುವುದು. ಗಾಬ್ಲಿನ್‌ಗೆ ಅಲ್ಲಿ ಅಂಕ 7. ಅದನ್ನು ಮೀರಿದರೆ ಓಟ. ಸೋತುಹೋಗಿರುವ ಕಾಳಗವನ್ನು ಮೂರು ಸುತ್ತು ಎಳೆಯುವ ಯಾತನೆ ಇದರಿಂದ ತಪ್ಪುತ್ತದೆ. ಓಡಿಹೋದ ಗಾಬ್ಲಿನ್ ಯಾರಿಗೆ ಸುದ್ದಿ ಮುಟ್ಟಿಸುತ್ತದೆ ಎಂಬ ತಲೆನೋವು ಆಟಗಾರರಿಗೆ ಉಚಿತ.

ಒಂದು ದಿನಕ್ಕೆ ಎಷ್ಟು ಕಾಳಗ ಎಂಬುದೂ ಹದದ ಭಾಗವೇ. 2014ರ ಮಾರ್ಗದರ್ಶಿ ಖರ್ಚಾದ ಮಂತ್ರಶಕ್ತಿಯನ್ನು ಮರಳಿಸುವ ಎರಡು ದೀರ್ಘ ವಿಶ್ರಾಂತಿಗಳ ನಡುವೆ ಆರರಿಂದ ಎಂಟು ಕಾಳಗಗಳನ್ನು ಊಹಿಸಿಕೊಂಡಿತ್ತು. ನಮ್ಮ ಮೇಜಿನಲ್ಲಿ ಎರಡಾದರೆ ಹೆಚ್ಚು. ಐದನೆಯ ಲೆವೆಲ್ಲಿನ ಮಾಂತ್ರಿಕನ ಬಳಿ ಎರಡು ಫೈರ್‌ಬಾಲ್ (ಬೆಂಕಿಯುಂಡೆ) ಮಂತ್ರಗಳಿರುತ್ತವೆ, ತಲಾ ಸರಾಸರಿ 28 ಹಾನಿ. ಮುಂದೆ ಇನ್ನೇನೂ ಇಲ್ಲವೆಂದು ಗೊತ್ತಿದ್ದರೆ ಎರಡನ್ನೂ ಅಲ್ಲೇ ಸುರಿದು ಕೈತೊಳೆದುಕೊಳ್ಳುತ್ತಾನೆ. ಅಂಥ ದಿನಕ್ಕೆ ನಾನು ನೇರವಾಗಿ ‘ಡೆಡ್ಲಿ’ ಮಟ್ಟದಿಂದ ಲೆಕ್ಕ ಶುರು ಮಾಡುತ್ತೇನೆ, ಎದುರಾಳಿಗಳನ್ನು ಒಂದೇ ಫೈರ್‌ಬಾಲ್‌ನ ಇಪ್ಪತ್ತು ಅಡಿ ತ್ರಿಜ್ಯಕ್ಕೆ ಸಿಗದಂತೆ ಚದುರಿಸುತ್ತೇನೆ.

ಆಟದ ದಿನ ಒಬ್ಬರು ಬರಲಾಗುವುದಿಲ್ಲ ಎಂದು ಸಂದೇಶ ಕಳುಹಿಸುವುದು ಎಲ್ಲ ತಂಡಗಳಲ್ಲೂ ಇದ್ದದ್ದೇ. ಆಗ ಯಾವ ಪ್ರಾಣಿಯ ಹಿಟ್ ಪಾಯಿಂಟ್‌ಗಳನ್ನೂ ಮುಟ್ಟುವುದಿಲ್ಲ. ಪಟ್ಟಿಯಿಂದ ಒಂದಿಬ್ಬರು ಎದುರಾಳಿಗಳನ್ನು ಹೊಡೆದುಹಾಕಿ, ಎರಡೂ ಕಡೆಯ ಸರದಿಗಳನ್ನು ಮತ್ತೊಮ್ಮೆ ಎಣಿಸುತ್ತೇನೆ. ಬಾರದವರು ಗುಣಪಡಿಸುವ ಕ್ಲೆರಿಕ್ ಆಗಿದ್ದರೆ ಮಾತ್ರ ಇನ್ನೊಂದು ಕೆಲಸ: ಮೊದಲ ಕೋಣೆಯ ಪೆಟ್ಟಿಗೆಯಲ್ಲಿ ಹೀಲಿಂಗ್ ಪೋಷನ್‌ಗಳನ್ನು ಇಟ್ಟುಬಿಡುತ್ತೇನೆ, ಬೀಗ ಹಾಕದೆ.