ಕಿಟಕಿ ಬೆಳಕಿನಲ್ಲಿ ‘ಮುತ್ತಿನ ಓಲೆಯ ಹುಡುಗಿ’

ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ಈ ಚಿತ್ರವನ್ನು ಫೋಟೊದಲ್ಲಿ ಮರುಸೃಷ್ಟಿಸಲು ಹೊರಟವರು ಮೊದಲು ಹುಡುಕುವುದು ತಲೆಗೆ ಸುತ್ತುವ ನೀಲಿ ಬಟ್ಟೆ, ದೊಡ್ಡ ಮುತ್ತು. ಅವಿಲ್ಲದಿದ್ದರೂ ನಡೆಯುತ್ತದೆ. 2014ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಗೋಡೆಯೊಂದರ ಮೇಲೆ ಇದೇ ಹುಡುಗಿಯನ್ನು ಬರೆದ ಬೀದಿ ಕಲಾವಿದ ಬ್ಯಾಂಕ್ಸಿ, ಓಲೆಯ ಜಾಗಕ್ಕೆ ಅಲ್ಲೇ ಇದ್ದ ಅಲಾರಂ ಪೆಟ್ಟಿಗೆಯನ್ನು ಬಳಸಿಕೊಂಡ. ಆದರೂ ಯಾರ ಚಿತ್ರವೆಂದು ಯಾರಿಗೂ ಹೇಳಬೇಕಾಗಲಿಲ್ಲ. ಬೆಳಕು, ಕತ್ತಿನ ತಿರುವು, ನೋಟ ಈ ಮೂರನ್ನು ಹಿಡಿದುಕೊಳ್ಳಿ. ಉಳಿದದ್ದು ನಿಮ್ಮಿಷ್ಟ.

ನೇರ ಬಿಸಿಲು ಬೀಳದ ಕಿಟಕಿ ಬೇಕು, ಅದು ಫೋಟೊ ತೆಗೆಯುವವರ ಎಡಕ್ಕಿರಲಿ. ಚಿತ್ರದಲ್ಲಿ ಬೆಳಕು ಮೇಲಿನಿಂದ ಇಳಿಯುತ್ತದೆ; ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಬೆಡ್‌ಶೀಟ್ ಕಟ್ಟಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಎರಡನೆಯ ನೆರಳು ಬೀಳುತ್ತದೆ. ಕೂರುವವರು ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ, ಅದಕ್ಕೇ ಎದೆ ಕೊಟ್ಟು ಕೂತು, ಎಡಭುಜದ ಮೇಲಿಂದ ತಲೆಯನ್ನಷ್ಟೇ ನಿಮ್ಮತ್ತ ಹೊರಳಿಸಲಿ. ಭುಜವೂ ಜೊತೆಗೆ ತಿರುಗಿದರೆ ಪಾಸ್‌ಪೋರ್ಟ್ ಫೋಟೊ ಆಗಿಬಿಡುತ್ತದೆ.

ಫೋಟೊದ ಹಿನ್ನೆಲೆಗೆ ಹಾಕುವ ಕಪ್ಪು ಬಟ್ಟೆ ಕೂತವರಿಂದ ಒಂದೂವರೆ ಮೀಟರ್ ಆಚೆ ಇರಲಿ. ಹತ್ತಿರ ತಂದರೆ ಕಿಟಕಿ ಬೆಳಕು ಬಿದ್ದು ಬೂದಿಬಣ್ಣವಾಗುತ್ತದೆ. (ಮೂಲದಲ್ಲಿ ಅಲ್ಲಿದ್ದದ್ದು ಹಸಿರು ಪರದೆ, ಕಾಲಕ್ರಮೇಣ ಬಣ್ಣ ಕೆಟ್ಟು ಕಪ್ಪಾಗಿದೆ. ಹಸಿರೇ ಹಾಕಿದರೂ ತಪ್ಪಲ್ಲ.)

ಈಗ ಓಲೆ. ಮೂಲದಲ್ಲಿ ಅದಕ್ಕೆ ಕೊಂಡಿಯೇ ಇಲ್ಲ. ಮೇಲೆ ಬಿಳಿಯ ಒಂದು ದಪ್ಪ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟರಲ್ಲೇ ಮುತ್ತು! ಹೊಳಪಿಲ್ಲದ ಪ್ಲಾಸ್ಟಿಕ್ ಮಣಿಯಲ್ಲಿ ಇದು ಮೂಡದು. ಸುಮಾರು 2 ಸೆಂ.ಮೀ.ನ ಬೆಳ್ಳಿಬಣ್ಣದ ನುಣುಪು ಗುಂಡು ಬೇಕು. ಕೊರಳಿಗೆ ಬಿಳಿ ಕರ್ಚೀಫ್ ಸುತ್ತದಿದ್ದರೆ ಗುಂಡಿನ ಕೆಳಭಾಗ ಕಪ್ಪಾಗೇ ಉಳಿಯುತ್ತದೆ.

ತುಟಿಗೆ ತುಸು ವ್ಯಾಸಲೀನ್ ಹಚ್ಚಿ, ಬಾಯಿ ಕೂದಲೆಳೆಯಷ್ಟು ತೆರೆದಿರಲಿ. ನಗು ಬೇಡ.

ಫೋನಿನ ಬ್ಯೂಟಿ ಮೋಡ್, ಎಚ್‌ಡಿಆರ್ ತೆಗೆದುಹಾಕಿ. ಎರಡನೆಯದು ನೆರಳನ್ನೆಲ್ಲ ಬೆಳಗಿಸಿಬಿಡುತ್ತದೆ. ತೀರಾ ಹತ್ತಿರದಿಂದ ತೆಗೆದರೆ ಮೂಗು ಊದಿದಂತೆ ಕಾಣುತ್ತದೆ, ಹಿಂದೆ ಸರಿದು 2x ಜೂಮ್ ಬಳಸಿ. ಕಿಟಕಿ ಕಡೆಯ ಕೆನ್ನೆಯ ಮೇಲೆ ಬೆರಳೊತ್ತಿ ಫೋಕಸ್ ಮಾಡಿ, ಎಕ್ಸ್‌ಪೋಶರ್ ಕೆಳಗಿಳಿಸಿ. ಆ ಕೆನ್ನೆಗೂ ಮೂಗಿಗೂ ನಡುವೆ ವರ್ಮೀರ್ ಗೆರೆ ಎಳೆದಿಲ್ಲ, ಎರಡೂ ಒಂದೇ ಬೆಳಕಿನಲ್ಲಿ ಬೆರೆತಿವೆ. ನಿಮ್ಮ ಫೋಟೊದಲ್ಲಿ ಗೆರೆ ಎದ್ದು ಕಂಡರೆ ಬೆಳಕು ಗಡುಸಾಗಿದೆ ಎಂದರ್ಥ: ಕಿಟಕಿಗೆ ತೆಳು ಬಿಳಿ ಪಂಚೆ ಇಳಿಬಿಟ್ಟು ಮತ್ತೆ ತೆಗೆಯಿರಿ. ಮೂಲ 44.5 × 39 ಸೆಂ.ಮೀ. (ಎತ್ತರ × ಅಗಲ) ಇದೆ, ಫೋಟೊ ಕತ್ತರಿಸುವಾಗ 8:7ರ ಅಳತೆ ಸಾಕು.