ಕುಂಡ ದೊಡ್ಡದಾದರೂ ಗಿಡದ ಬುಡ ಮೇಲೆಯೇ ಇರಲಿ

ಪಕ್ಕದ ಮನೆಯ ಸೊಸೆ ಹೋದ ವಾರ ನನ್ನನ್ನು ಅವರ ತಾರಸಿಗೆ ಕರೆದುಕೊಂಡು ಹೋದಳು. ಕಸಿ ಮಾಡಿದ ನಿಂಬೆ ಗಿಡ. ನರ್ಸರಿಯ ಕವರಿನಿಂದ ತೆಗೆದು 16 ಇಂಚಿನ ಕುಂಡಕ್ಕೆ ಹಾಕಿ ಐದು ತಿಂಗಳಾಗಿತ್ತು. “ಅಜ್ಜಿ, ಗೊಬ್ಬರ ಹಾಕಿದ್ದೇನೆ, ಒಂದು ದಿನವೂ ನೀರು ತಪ್ಪಿಸಿಲ್ಲ. ಆದರೂ ಎಲೆ ಹಳದಿಯಾಗಿ ಉದುರುತ್ತಿದೆ” ಎಂದು ಬೇಸರಪಟ್ಟಳು. ನಾನು ಎಲೆಯನ್ನು ಬಿಟ್ಟು ಬುಡವನ್ನು ನೋಡಿದೆ. ಕಂಬ ಹೂತ ಹಾಗೆ ಕಾಂಡ ನೇರವಾಗಿ ಮಣ್ಣಿನೊಳಗೆ ಇಳಿದಿತ್ತು. ಬೆರಳಿನಿಂದ ಮಣ್ಣು ಸರಿಸುತ್ತ ಹೋದರೆ ಎರಡು ಗೆಣ್ಣು ಆಳದಲ್ಲಿ ಕಸಿಯ ಗಂಟು, ಅಂದರೆ ಅಡಿಗಿಡಕ್ಕೆ ಮೇಲಿನ ಗಿಡವನ್ನು ಬೆಸೆದ ಜಾಗ, ಸಿಕ್ಕಿತು, ಮೊದಲ ಬೇರು ಅದಕ್ಕೂ ಕೆಳಗೆ. ಗಂಟಿನ ಸುತ್ತ ತೊಗಟೆ ನೆನೆದ ಕಾಗದದಂತೆ ಮೆತ್ತಗಾಗಿತ್ತು. ಉಗುರು ತಾಗಿಸಿದರೆ ಜಾರಿ ಬರುತ್ತಿತ್ತು. ಒಂದು ಪಕ್ಕದಲ್ಲಿ ಅಂಟು ಒಸರಿ ಗಟ್ಟಿಯಾಗಿತ್ತು.

ಆ ಹುಡುಗಿಯ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಗಿಡ ದೊಡ್ಡ ಕುಂಡಕ್ಕೆ ಹೋಗುತ್ತಿದೆ, ಆಳವಾಗಿ ನೆಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದುಕೊಂಡಿದ್ದಳು. ಬಹಳ ಜನ ಹೀಗೆಯೇ ಅಂದುಕೊಳ್ಳುತ್ತಾರೆ. ಆದರೆ ಬೇರಿನ ಸಿಪ್ಪೆ ತೇವದಲ್ಲಿ ಬದುಕುವುದಕ್ಕೆ ಹುಟ್ಟಿದ್ದು, ಕಾಂಡದ ತೊಗಟೆ ಗಾಳಿಯಲ್ಲಿ ಬದುಕುವುದಕ್ಕೆ. ಇವೆರಡೂ ಸೇರುವ ಜಾಗವನ್ನು ನಾನು ಗಿಡದ ಕತ್ತು ಎನ್ನುತ್ತೇನೆ. ಕತ್ತಿನ ಮೇಲೆ ದಿನವೂ ಒದ್ದೆ ಮಣ್ಣು ಕುಳಿತರೆ ತೊಗಟೆ ಕೊಳೆಯುತ್ತದೆ, ಶಿಲೀಂಧ್ರ ಸೇರಿಕೊಳ್ಳುತ್ತದೆ, ಎಲೆಯಿಂದ ಬೇರಿಗೆ ಇಳಿಯಬೇಕಾದ ಆಹಾರ ಅಲ್ಲಿಯೇ ತಡೆಯುತ್ತದೆ. ಇದರ ಪರಿಣಾಮ ನೆಟ್ಟ ವಾರದಲ್ಲಿ ಕಾಣುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಎಲೆ ಉದುರಿದಾಗ ನಾವು ಗೊಬ್ಬರವನ್ನೋ ಬಿಸಿಲನ್ನೋ ದೂರುತ್ತೇವೆ.

ಹಾಗಾಗಿ ಎಷ್ಟೇ ದೊಡ್ಡ ಕುಂಡವಾದರೂ ಹಳೆಯ ಕುಂಡದಲ್ಲಿ ಮಣ್ಣು ಕಾಂಡವನ್ನು ಎಲ್ಲಿ ಮುಟ್ಟುತ್ತಿತ್ತೋ ಹೊಸದರಲ್ಲಿಯೂ ಅಲ್ಲಿಯೇ ಮುಟ್ಟಬೇಕು. ನರ್ಸರಿಯ ಕವರಿನಲ್ಲಿಯೇ ಕೆಮ್ಮಣ್ಣು ಮೇಲೇರಿರುವುದೂ ಉಂಟು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಆಸೆಪಟ್ಟು ನಾಲ್ಕಾರು ಗಿಡ ತರುತ್ತೀರಿ; ನೆಡುವ ಮೊದಲು ಮೇಲಿನ ಮಣ್ಣನ್ನು ಮೆಲ್ಲಗೆ ಕೆದಕಿ, ಕಾಂಡ ಅಗಲವಾಗಿ ಬೇರಾಗಿ ಹರಡುವ ಜಾಗವನ್ನು ಕಣ್ಣಾರೆ ನೋಡಿಕೊಳ್ಳಿ.

ಅಳತೆಗೆ ನನ್ನ ಹತ್ತಿರ ಮೊಮ್ಮಗನ ಹಳೆಯ ಅಡಿಪಟ್ಟಿ ಇದೆ. ಖಾಲಿ ಕುಂಡದಲ್ಲಿ ಒಂದಿಷ್ಟು ಮಣ್ಣು ಹಾಕಿ, ಬೇರಿನ ಮುದ್ದೆಯನ್ನು ಅದರ ಮೇಲೆ ಕೂರಿಸಿ, ಅಡಿಪಟ್ಟಿಯನ್ನು ಕುಂಡದ ಬಾಯಿಗೆ ಅಡ್ಡಲಾಗಿ ಇಡುತ್ತೇನೆ. ಮುದ್ದೆಯ ಮೇಲ್ಭಾಗ ಪಟ್ಟಿಗಿಂತ ಒಂದೂವರೆ ಇಂಚು ಕೆಳಗಿರಬೇಕು. ಆ ಜಾಗ ನೀರು ನಿಂತು ಇಳಿಯುವುದಕ್ಕೆ. ಮುದ್ದೆ ಇನ್ನೂ ಕೆಳಗಿದ್ದರೆ ಗಿಡವನ್ನು ಎತ್ತಿ ಅಡಿಗೆ ಮಣ್ಣು ಸೇರಿಸುತ್ತೇನೆ, ಮೇಲಿದ್ದರೆ ಅಡಿಯ ಮಣ್ಣನ್ನು ತೆಗೆಯುತ್ತೇನೆ. ಸುತ್ತ ಮಣ್ಣು ತುಂಬುವುದು ಇಷ್ಟಾದ ಮೇಲೆಯೇ.

ಇಲ್ಲಿ ಇನ್ನೊಂದು ತೊಂದರೆ ಇದೆ. ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಕಲಸಿದ ಹಗುರ ಮಣ್ಣು ನಾಲ್ಕು ಸಲ ನೀರು ಕುಡಿದರೆ ಒಂದೆರಡು ಇಂಚು ಕುಸಿಯುತ್ತದೆ, ಗಿಡವೂ ಅದರ ಜೊತೆ ಇಳಿಯುತ್ತದೆ. ಕುಂಡ ಖಾಲಿ ಖಾಲಿ ಕಂಡಿತೆಂದು ನಾವು ಮೇಲಿಂದ ಮಣ್ಣು ಸುರಿಯುತ್ತೇವೆ, ಸರಿಯಾಗಿ ನೆಟ್ಟ ಗಿಡವೂ ಹೂತುಹೋಗುತ್ತದೆ. ಅದಕ್ಕೆಂದೇ ನಾನು ಅಡಿಯ ಮಣ್ಣನ್ನು ಹಿಂದಿನ ದಿನವೇ ತುಂಬಿ, ಅಂಗೈಯಿಂದ ಒತ್ತಿ, ನೀರು ಹೊಯ್ದು ಬಿಡುತ್ತೇನೆ. ಕುಸಿಯುವುದೆಲ್ಲ ರಾತ್ರಿಯೇ ಕುಸಿದಿರುತ್ತದೆ. ಅಷ್ಟಾಗಿಯೂ ಗಿಡ ಇಳಿದರೆ ಕರಣೆಯಿಂದ ಮುದ್ದೆಸಮೇತ ಎತ್ತಿ ಕೆಳಗೆ ಮಣ್ಣು ಕೊಡಬೇಕು.

ಇದೇ ತಪ್ಪನ್ನು ನಾನು ನಮ್ಮ ತುಳಸಿಗೆ ವರ್ಷಗಟ್ಟಲೆ ಮಾಡಿದ್ದೇನೆ. ಉತ್ಥಾನ ದ್ವಾದಶಿ ಬಂತೆಂದರೆ ಕಟ್ಟೆ ತೊಳೆದು, ಸುಣ್ಣ ಬಳಿದು, ಅಂಚಿನವರೆಗೆ ಹೊಸ ಮಣ್ಣು ತುಂಬುವುದು. ಗಿಡಕ್ಕೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನಂಬಿಕೆ. ಬುಡ ವರ್ಷವರ್ಷವೂ ಒಂದೊಂದು ಇಂಚು ಹೂತುಕೊಳ್ಳುತ್ತಿರುವುದು ನನ್ನ ಗಮನಕ್ಕೆ ಬಂದದ್ದು, ಮೂರು ವರ್ಷದ ತುಂಬು ಗಿಡ ಒಂದು ಮಳೆಗಾಲದಲ್ಲಿ ಬುಡದಲ್ಲಿಯೇ ಕಪ್ಪಾಗಿ ವಾಲಿದಾಗ. ಈಗ ಮೇಲಿನ ಎರಡು ಇಂಚು ಹಳೆಯ ಮಣ್ಣನ್ನು ಮೊದಲು ಕೆರೆದು ತೆಗೆದು, ಅಷ್ಟನ್ನು ಮಾತ್ರ ಹೊಸದು ಹಾಕುತ್ತೇನೆ. ಅದೂ ಕಾಂಡಕ್ಕೆ ತಾಗದಂತೆ ಅಂಚಿನ ಕಡೆಗೆ.

ಕಸಿ ಗಿಡಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಮಾವು, ಸಪೋಟ, ನಿಂಬೆ, ಗುಲಾಬಿ ಯಾವುದೇ ಇರಲಿ, ಕಸಿಯ ಗಂಟು ಮಣ್ಣಿನಿಂದ ಎರಡು ಮೂರು ಇಂಚು ಮೇಲಿರಲಿ. ಚಳಿ ದೇಶಗಳಲ್ಲಿ ಹಿಮದಿಂದ ಕಾಪಾಡಲು ಗುಲಾಬಿಯ ಗಂಟನ್ನು ಮಣ್ಣಿನಲ್ಲಿ ಮುಚ್ಚುತ್ತಾರೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಹಾಗೆ ಮಾಡುವ ಅಗತ್ಯವಿಲ್ಲ.

ಆಳವಾಗಿ ನೆಡಲೇಬೇಕಾದ ಗಿಡವೆಂದರೆ ಟೊಮೇಟೊ. ಅದರ ಕಾಂಡದ ಮೇಲೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ, ನೋಡಿದ್ದೀರಾ? ಮಣ್ಣು ತಾಗಿದರೆ ಅಲ್ಲೆಲ್ಲ ಬೇರು ಒಡೆಯುತ್ತದೆ. ಉದ್ದಕ್ಕೆ ಸೊರಗಿ ಬೆಳೆದ ಸಸಿಯಾದರೆ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧಕ್ಕೂ ಹೆಚ್ಚು ಭಾಗ ಹೂತರೂ ಚೆನ್ನಾಗಿ ಬರುತ್ತದೆ. ಅದನ್ನು ನೋಡಿಕೊಂಡು ಮೆಣಸಿನಕಾಯಿ, ಬದನೆಗೂ ಹಾಗೆ ಮಾಡಬೇಡಿ. ಮೊದಲು ಮೂಡಿದ ಎರಡು ಬೀಜದೆಲೆಗಳ ಕೆಳಗಿನವರೆಗೆ ಸಾಕು. ಲೋಳೆಸರ, ಜರ್ಬೆರಾಗಳಲ್ಲಿ ಎಲೆಗಳೆಲ್ಲ ಹುಟ್ಟುವ ನಡುಭಾಗಕ್ಕೆ ಮಣ್ಣು ಬೀಳಬಾರದು. ಆಂಥೂರಿಯಂ ಎತ್ತರಕ್ಕೆ ಹೋಗಿ ಕಾಂಡದಲ್ಲಿ ಗಾಳಿಬೇರು ಬಿಟ್ಟಿದ್ದರೆ ಆ ಬೇರು ಮುಚ್ಚುವಷ್ಟು ಇಳಿಸಿ ನೆಡಬಹುದು. ಅಡೇನಿಯಂ ಅನ್ನು ಮಾತ್ರ ಪ್ರತಿ ಸಲ ಕುಂಡ ಬದಲಿಸುವಾಗಲೂ ಸ್ವಲ್ಪ ಮೇಲಕ್ಕೆತ್ತಿ ಕೂರಿಸಿ, ದಪ್ಪ ಬುಡ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಕುಂಡ ಆಳವಾಯಿತೆಂದು ತಳಕ್ಕೆ ಜಲ್ಲಿ ತುಂಬುವ ಅಭ್ಯಾಸವನ್ನು ಬಿಡಿ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಸಿಗುವ ಮಣ್ಣು ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. 8 ಇಂಚಿನ ಕುಂಡದಲ್ಲಿದ್ದ ಗಿಡಕ್ಕೆ 10 ಅಥವಾ 12 ಇಂಚಿನದು ಸಾಕಾಗುತ್ತದೆ. ಒಮ್ಮೆಲೇ ಬಹಳ ದೊಡ್ಡದಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಸಂಜೆ ಹೊತ್ತು ನೆಟ್ಟು ಒಂದು ವಾರ ನೆರಳಿನಲ್ಲಿಡಿ.

ಆ ನಿಂಬೆಗೆ ಅಂದೇ ಬುಡ ಬಿಡಿಸಿದೆವು. ಕೊಳೆತ ತೊಗಟೆಯನ್ನು ಚಾಕುವಿನಿಂದ ಗಟ್ಟಿ ಭಾಗ ಸಿಗುವವರೆಗೆ ಹೆರೆದು, ಎರಡು ದಿನ ಗಾಳಿಗೆ ಒಣಗಲು ಬಿಟ್ಟು, ಗಿಡವನ್ನು ಎತ್ತರಿಸಿ ಮತ್ತೆ ನೆಟ್ಟೆವು. ತೊಗಟೆ ಸುತ್ತಲೂ ಕೊಳೆತಿರಲಿಲ್ಲ, ಹಾಗಾಗಿ ನನಗೆ ಆಸೆ ಇದೆ. ನಿನ್ನೆ ಅವಳು ಮೊಬೈಲಿನಲ್ಲಿ ಚಿಗುರಿನ ಚಿತ್ರ ತೋರಿಸಿದಳು. “ಗಂಟಿನ ಮೇಲೆ ಬಂದಿದೆಯೋ ಕೆಳಗೋ ನೋಡು, ಕೆಳಗಿನದಾದರೆ ಅದು ಅಡಿಗಿಡದ ಚಿಗುರು, ಕೂಡಲೇ ಚಿವುಟಿಬಿಡು” ಎಂದೆ. ಓಡಿ ಹೋಗಿ ನೋಡಿ ಬಂದಳು. ಮೇಲೆಯೇ ಬಂದಿದೆಯಂತೆ.