ನೀರಿಗೆ ಇಳಿಯುವ ಜಿಂಕೆಯನ್ನು ಕಾದದ್ದು

ನಾನು ಕೊಡಗಿನವನು. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಅಜ್ಜನ ಕೋವಿಗೆ ಹೂವಿಟ್ಟು ಕೈಮುಗಿದಿದ್ದೇನೆ, ಅದನ್ನು ಪ್ರಾಣಿಯ ಮೇಲೆ ಎತ್ತಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ, ಅದು ನ್ಯಾಯವೂ ಹೌದು. ನಾನು ಬೇಟೆ ಕಲಿತದ್ದು ಅಮೆರಿಕದ ಟೆಕ್ಸಾಸ್‌ನ ಹಿಲ್ ಕಂಟ್ರಿ ಎಂಬ ಗುಡ್ಡಗಾಡಿನಲ್ಲಿ, ತರಬೇತಿ ಮುಗಿಸಿ ಪರವಾನಗಿ ಪಡೆದ ಮೇಲೆ. ಅಲ್ಲಿ ಬಿಳಿಬಾಲದ ಜಿಂಕೆಗಳು ವಿಪರೀತ.

ಬಿಲ್ಲುಬೇಟೆ ಶುರುವಾಗುವುದು ಅಕ್ಟೋಬರ್ ಆರಂಭದ ಆಸುಪಾಸಿನಲ್ಲಿ. ಆಗಲೂ ಬಿಸಿಲು ಸುಡುತ್ತಿರುತ್ತದೆ. ಮಳೆ ಕೈಕೊಟ್ಟ ವರ್ಷ ದನಗಳಿಗೆಂದು ತೋಡಿಸಿದ ಕಟ್ಟೆಗಳೇ ಜಿಂಕೆಗಳಿಗೂ ಗತಿ. ಒಂದು ಒಳ್ಳೆಯ ಮಳೆ ಬಿದ್ದರೆ ಚಿಗುರು ಮೇಯುತ್ತಲೇ ದಾಹ ತೀರಿಸಿಕೊಳ್ಳುತ್ತವೆ. ಆಗ ಕಟ್ಟೆ ಕಾಯುವುದು ದಂಡ.

ಮೊದಲ ವರ್ಷ ಕಟ್ಟೆಯ ಏರಿಯ ಮೇಲೆಯೇ ಮರೆ ಕಟ್ಟಿಕೊಂಡೆ. ಐದು ಸಂಜೆ ಕುಳಿತೆ. ಪ್ರತಿ ಸಲವೂ ಕೆಳಗಿನ ಹಳ್ಳದಲ್ಲಿ ಹೆಣ್ಣು ಜಿಂಕೆಯೊಂದು ಮುಂಗಾಲಿನಿಂದ ನೆಲ ಕುಟ್ಟಿ, ಮೂಗಿನಿಂದ ಭುಸ್ಸೆಂದು, ಬಾಲವೆತ್ತಿ ಓಡಿಬಿಡುತ್ತಿತ್ತು. ಕಾರಣ ಗಾಳಿ. ಹೊತ್ತು ಇಳಿದಂತೆ ತಂಪಾದ ಗಾಳಿ ನೀರಿನ ಹಾಗೆಯೇ ತಗ್ಗಿಗೆ ಹರಿಯುತ್ತದೆ, ನನ್ನ ಮೈವಾಸನೆಯನ್ನೂ ಹೊತ್ತುಕೊಂಡು.

ಮರುವರ್ಷ ಬೇರೆ ಕಟ್ಟೆ ಹುಡುಕಿದೆ. ಅಲ್ಲಿ ಗೊರಸಿನ ಗುರುತುಗಳು ಜೂನಿಪರ್ ಮರಗಳ ಗುಡ್ಡದಿಂದ ಇಳಿದು ಬರುತ್ತಿದ್ದವು. ದಾರಿಗೆ ಇಪ್ಪತ್ತು ಗಜ ಪಕ್ಕದಲ್ಲಿ, ತಗ್ಗಿನ ಕಡೆ ಕುಳಿತೆ. ಜೇಬಿನಲ್ಲಿ ಒಂದಿಷ್ಟು ಬೂದಿ. ಆಗಾಗ ಚಿಟಿಕೆ ಉದುರಿಸಿ ಅದು ಎತ್ತ ತೇಲುತ್ತದೆಂದು ನೋಡುತ್ತಿದ್ದೆ.

ಜಿಂಕೆ ನೀರಿಗೆ ಬರುವಾಗ ಅದರ ಮೈಯೆಲ್ಲ ಕಿವಿ. ಒಂದು ಗುಟುಕು ಕುಡಿದು ತಲೆ ಎತ್ತುತ್ತದೆ, ಮತ್ತೆ ಬಗ್ಗುತ್ತದೆ. ಆಗ ಬಿಲ್ಲಿನ ಸದ್ದಿಗೇ ಬೆಚ್ಚಿ ಮೈ ತಗ್ಗಿಸಿದರೆ ಬಾಣ ಎಲ್ಲೋ ತಾಗಿ ಪ್ರಾಣಿ ನರಳುತ್ತದೆ. ಅದಕ್ಕೇ ನಾನು ಕುಡಿಯುವಾಗ ಬಾಣ ಬಿಡುವುದಿಲ್ಲ. ಅಂದು ಬಂದ ಜಿಂಕೆ ಹೊಟ್ಟೆ ತುಂಬ ಕುಡಿದು, ಕಿವಿ ಸಡಿಲ ಬಿಟ್ಟು ಅದೇ ದಾರಿಯಲ್ಲಿ ಮರಳಿತು. ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟೆ.

ಬಾಣದ ಮೇಲೆ ನಸುಗೆಂಪು ನೊರೆರಕ್ತವಿತ್ತು. ಶ್ವಾಸಕೋಶಕ್ಕೇ ತಾಗಿದೆ ಎಂದು ಗೊತ್ತಾದರೂ ಅರ್ಧ ಗಂಟೆ ಕದಲಲಿಲ್ಲ. ಬೆನ್ನಟ್ಟಿದರೆ ಗಾಯಗೊಂಡದ್ದು ಇನ್ನೂ ದೂರ ಓಡುತ್ತದೆ. ಎಂಬತ್ತು ಹೆಜ್ಜೆಯ ಆಚೆ ಸಿಕ್ಕಿತು. ಪಕ್ಕದಲ್ಲಿ ಮೊಣಕಾಲೂರಿ ಪರವಾನಗಿಯ ಚೀಟಿಯನ್ನು ಕಾಲಿಗೆ ಕಟ್ಟಿದೆ. ಗೊರಸಿನ ಸೀಳಿನಲ್ಲಿ ಕಟ್ಟೆಯ ಕೆಸರು ಇನ್ನೂ ಹಸಿಯಾಗಿತ್ತು.